ನೀರು ಹೊರಟ ಹೊತ್ತು

ಹೋಳಿ ಹುಣ್ಣಿಮೆಯ ಹಿಂದಿನ ರಾತ್ರಿ ನಮ್ಮ ಮನೆಯ ಮಕ್ಕಳಿಗೆ ನಿದ್ದೆ ಅಂತ ಬರುತ್ತಿದ್ದದ್ದೇ ಇಲ್ಲ. ಅಡುಗೆಮನೆಯಲ್ಲಿ ಹಲಸಿನೆಲೆಯ ಕೊಟ್ಟೆ ಕಡುಬು ಬೇಯುವ ವಾಸನೆ ಮಾಡಿನ ಹಂಚಿನವರೆಗೆ ಏರಿ, ಅಲ್ಲಿಂದ ಮೆಲ್ಲಗೆ ಇಳಿದು, ಚಾವಡಿಯಲ್ಲಿ ಓಲಿಚಾಪೆಯ ಮೇಲೆ ಸಾಲಾಗಿ ಮಲಗಿದ ಏಳು ಮಕ್ಕಳ ಮೂಗಿಗೆ ತಾಗುತ್ತಿತ್ತು. ಅಮ್ಮಮ್ಮ ಒಲೆಯ ಮುಂದೆ ಕೂತು ಚಿಕ್ಕಿಯ ಹತ್ತಿರ ಏನೋ ಪಿಸುಗುಟ್ಟುವುದು, ಅಪ್ಪಯ್ಯ ಹಟ್ಟಿಯ ಬದಿಯಲ್ಲಿ ಲಾಟೀನು ಹಿಡಿದು ಹಗ್ಗ ಸುತ್ತುವುದು, ದೂರದಲ್ಲಿ ಹೊಳೆಯ ಕಡುವಿನಲ್ಲಿ ಕಟ್ಟಿದ ದೋಣಿ ಅಲೆ ಬಂದಾಗಲೆಲ್ಲ ತೆಂಗಿನ ಬುಡಕ್ಕೆ ಮೈ ಉಜ್ಜಿಕೊಂಡು 'ಕಿರ್ರ್' ಎನ್ನುವುದು, ಎಲ್ಲವೂ ಕೇಳುತ್ತಿತ್ತು. ಕಣ್ಣು ಮುಚ್ಚಿದರೆ ಬೆಳಗಾಗಿಬಿಡುತ್ತದೆ, ನಮ್ಮನ್ನು ಬಿಟ್ಟು ದೋಣಿ ಹೋಗಿಬಿಡುತ್ತದೆ ಎಂಬ ಹೆದರಿಕೆಯಲ್ಲಿ ನಾವು ಒಬ್ಬರನ್ನೊಬ್ಬರು ಚಿವುಟಿ ಎಚ್ಚರ ಇರಿಸಿಕೊಳ್ಳುತ್ತಿದ್ದೆವು.

ನಮ್ಮ ಮನೆ ಇದ್ದದ್ದು ಕುದ್ರುವಿನಲ್ಲಿ. ಕುಂದಾಪುರದ ಬಡಗಿಗೆ, ಗಂಗೊಳ್ಳಿಯ ಅಳಿವೆಯ ಒಳಗೆ, ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಎಂಬ ಐದು ಹೊಳೆಗಳು ಕಡಲು ಸೇರುವ ಮೊದಲು ಒಂದರ ಕೈ ಒಂದು ಹಿಡಿದು ಹರಡಿಕೊಳ್ಳುತ್ತವೆ. ಆ ಹರವಿನ ನಡುನಡುವೆ ಉಳಿದ ನೆಲದ ತುಂಡುಗಳೇ ಕುದ್ರುಗಳು. ಗೊಂಬೆಯಾಟದ ಕೊಗ್ಗ ಕಾಮತರಿಂದಾಗಿ ಹೊರಗಿನವರಿಗೂ ಗೊತ್ತಿರುವ ಉಪ್ಪಿನಕುದ್ರು ಅವುಗಳಲ್ಲಿ ದೊಡ್ಡದು. ನಮ್ಮದು ಅದಕ್ಕೆ ಕೂಗಿದರೆ ಕೇಳುವಷ್ಟು ಹತ್ತಿರದ, ನಾಲ್ಕು ಮನೆ, ಒಂದಿಷ್ಟು ಗದ್ದೆ, ಲೆಕ್ಕವಿಲ್ಲದಷ್ಟು ತೆಂಗು ಇದ್ದ ಸಣ್ಣ ಕುದ್ರು. ಸುತ್ತ ನೀರೇ ನೀರು, ಆದರೆ ಶಿವರಾತ್ರಿ ಕಳೆಯಿತೆಂದರೆ ಬಾವಿಯ ನೀರು ಬಾಯಿಗೆ ಉಪ್ಪುಪ್ಪು. ಆಗ ದಿನಾ ಸಂಜೆ ಕೊಡಪಾನಗಳನ್ನು ದೋಣಿಯಲ್ಲಿ ಜೋಡಿಸಿಕೊಂಡು ಆಚೆ ದಡದ ಬಾವಿಯಿಂದ ಸಿಹಿನೀರು ತರುವುದು ನಮ್ಮದೇ ಕೆಲಸ. ಬರುವಾಗ ಒಂದು ಹನಿ ತುಳುಕಿದರೂ ಅಬ್ಬಿಗೆ, ಅಂದರೆ ಅಮ್ಮನಿಗೆ, ಅದು ಹೇಗೋ ಗೊತ್ತಾಗುತ್ತಿತ್ತು.

ಅಂಗಡಿ, ಇಸ್ಕೂಲು, ಮದುವೆ, ಸಾವು, ಎಲ್ಲದಕ್ಕೂ ದೋಣಿಯೇ. ಬೈಹುಲ್ಲು ಬಂದದ್ದು ಅದರಲ್ಲಿ, ಗೊಬ್ಬರ ಹೋದದ್ದು ಅದರಲ್ಲಿ, ಕರು ಹಾಕಿದ ದನ ನಡುಗುತ್ತ ನಿಂತು ಹೊಳೆ ದಾಟಿದ್ದು ಅದರಲ್ಲಿ. ಅಮ್ಮಮ್ಮ ಹದಿನಾಲ್ಕನೆಯ ವಯಸ್ಸಿನಲ್ಲಿ ಮದುಮಗಳಾಗಿ ತಲೆ ತಗ್ಗಿಸಿ ಕೂತು ಬಂದದ್ದೂ ಅದೇ ದೋಣಿಯಲ್ಲಂತೆ. ತಗ್ಗಿಸಿದ ತಲೆ ಎತ್ತದೆ ದೋಣಿಯ ತಳವನ್ನೇ ನೋಡುತ್ತ ಬಂದದ್ದರಿಂದ ಯಾವ ಹಲಗೆಯಲ್ಲಿ ಎಷ್ಟು ಗಂಟು ಇದೆ ಅಂತ ಮನೆಗೆ ಬರುವ ಮೊದಲೇ ತನಗೆ ಬಾಯಿಪಾಠ ಆಗಿತ್ತು ಎನ್ನುತ್ತಿದ್ದಳು. ಹೆಬ್ಬಲಸಿನ ಹಲಗೆಗಳು, ಮೊಳೆ ಹೊಡೆಯದೆ ಕತ್ತದ ಹುರಿಯಲ್ಲಿ ಹೊಲಿದ ಮೈ. ಎರಡು ವರ್ಷಕ್ಕೊಮ್ಮೆ ಹೊಲಿಗೆ ಬಿಚ್ಚಿ ಹೊಸದಾಗಿ ಹೊಲಿಯುವಾಗ ಅಂಗಳದಲ್ಲಿ ಬಿಡಿಬಿಡಿಯಾಗಿ ಬಿದ್ದ ದೋಣಿಯನ್ನು ನೋಡಿ ನಮಗೆ ಅಳು ಬರುತ್ತಿತ್ತು. ಇದು ಮತ್ತೆ ದೋಣಿ ಆಗುತ್ತದಾ ಅಂತ ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆವು.

ಆ ದೋಣಿಯಲ್ಲಿ ವರ್ಷಕ್ಕೊಂದು ದಿನ ಬೈಹುಲ್ಲಿಲ್ಲ, ಗೊಬ್ಬರವಿಲ್ಲ, ಕೊಡಪಾನವಿಲ್ಲ; ಬರೀ ನಾವು. ಸುಗ್ಗಿ ಬೆಳೆ ಮನೆಗೆ ಬಂದ ಮೇಲೆ ಮರವಂತೆಯ ಮಾರಸ್ವಾಮಿಗೆ ಹೊಸ ಅಕ್ಕಿ, ತೆಂಗಿನಕಾಯಿ, ದೀಪದ ಎಣ್ಣೆ ಒಪ್ಪಿಸಿ ಬರುವ ಹರಕೆ ಅಜ್ಜಯ್ಯನ ಅಜ್ಜಯ್ಯನ ಕಾಲದ್ದು. ಆ ದಿನ ಬರುತ್ತದೆ ಎನ್ನುವಾಗ ಒಂದು ವಾರ ಮೊದಲೇ ಮನೆಯಲ್ಲಿ ದೋಣಿಯ ಕೆಲಸ ಸುರು. ಅದನ್ನು ಹೊಯ್ಗೆಯ ಮೇಲೆ ಎಳೆದು ಬೋರಲು ಹಾಕುವುದು, ಮಕ್ಕಳೆಲ್ಲ ಸುತ್ತ ಕೂತು ಕಾಯಿಸಿಪ್ಪೆಯಲ್ಲಿ ಪಾಚಿ ಉಜ್ಜುವುದು, ಕಚ್ಚಿಕೊಂಡ ಚಿಪ್ಪುಗಳನ್ನು ಹಳೇ ಕತ್ತಿಯಿಂದ ಕೆರೆದು ಬೀಳಿಸುವುದು. ಒಣಗಿದ ಮೇಲೆ ಅಪ್ಪಯ್ಯ ಗೇರೆಣ್ಣೆ ಬಳಿಯುತ್ತಿದ್ದರು. ಆಗ ನಾವು ಹತ್ತಿರ ಸುಳಿಯುವಂತಿಲ್ಲ, ತಾಗಿದರೆ ಮೈ ಸುಟ್ಟು ಬೊಬ್ಬೆ ಏಳುತ್ತದೆ. ಆ ಎಣ್ಣೆಯ ಖಾರ ವಾಸನೆ, ತೋಡಿನಲ್ಲಿ ಕೊಳೆಹಾಕಿದ ಕಾಯಿಸಿಪ್ಪೆಯ ನಾತ, ಬಿಸಿಲಿಗೆ ಕಾದ ಕೆಸರಿನ ಹಬೆ, ಮೂರೂ ಸೇರಿದ ಗಾಳಿಯೇ ನಮಗೆ ಮಾರ್ಚ್ ತಿಂಗಳ ವಾಸನೆ. ಪರೀಕ್ಷೆಗೆ ಓದಿಕೊಂಡದ್ದೂ ಆ ಗಾಳಿಯಲ್ಲೇ.

ಹೊರಡುವ ಹೊತ್ತನ್ನು ಹೇಳುವವರು ಅಜ್ಜಯ್ಯ. ಅವರ ಹತ್ತಿರ ಗಡಿಯಾರ ಇರಲಿಲ್ಲ. ಎಡಗೈಯ ಬೆರಳಿನ ಗೆಣ್ಣುಗಳಿದ್ದವು. ಹುಣ್ಣಿಮೆ, ಅಮಾವಾಸ್ಯೆಯ ದಿನ ಭರತ ಹಗಲು ಹನ್ನೊಂದರ ಹೊತ್ತಿಗೆ ತುಂಬುತ್ತದೆ, ಇಳಿತ ಬೆಳಗಿನ ಐದಕ್ಕೂ ಸಂಜೆಯ ಐದಕ್ಕೂ. ಅಲ್ಲಿಂದ ಮುಂದೆ ತಿಥಿಗೆ ಎರಡು ಗಳಿಗೆಯಂತೆ ನೀರು ಹಿಂದೆ ಬೀಳುತ್ತ ಹೋಗುತ್ತದೆ. ಹೆಬ್ಬೆರಳನ್ನು ಗೆಣ್ಣಿನಿಂದ ಗೆಣ್ಣಿಗೆ ಜರುಗಿಸುತ್ತ, ತುಟಿ ಆಡಿಸುತ್ತ ಅವರು ಲೆಕ್ಕ ಹಾಕಿ ಹೇಳಿದ ಹೊತ್ತಿಗೆ ಹೊಳೆ ಸರಿಯಾಗಿ ಬಂದು ನಮ್ಮ ಕಡುವಿನ ಮೂರನೆಯ ಮೆಟ್ಟಿಲು ಮುಟ್ಟುತ್ತಿತ್ತು. ಅಜ್ಜಯ್ಯ ಹೇಳಿದ್ದಕ್ಕೇ ನೀರು ಬರುತ್ತದೆ ಅಂತ ನಾವು ಬಹಳ ವರ್ಷ ನಂಬಿದ್ದೆವು. ಒಂದು ಗಳಿಗೆ ಎಂದರೆ 24 ನಿಮಿಷ, ಎರಡು ಗಳಿಗೆ 48 ನಿಮಿಷ, ಚಂದ್ರ ದಿನಾ ಸುಮಾರು ಅಷ್ಟೇ ತಡವಾಗಿ ಹುಟ್ಟುತ್ತಾನೆ ಎಂಬುದು ಮುಂದೆ ಕಾಲೇಜಿನ ಪುಸ್ತಕದಲ್ಲಿ ಸಿಕ್ಕಿದಾಗ ನನಗೆ ಕಣ್ಣ ಮುಂದೆ ಬಂದದ್ದು ಗೇರೆಣ್ಣೆಯ ಕಲೆ ಇದ್ದ ಆ ಹೆಬ್ಬೆರಳು.

ಯಾಕೆ ಹುಣ್ಣಿಮೆಯ ದಿನವೇ ಎಂದರೆ ಅದಕ್ಕೂ ಲೆಕ್ಕವಿತ್ತು. ಬೆಳಗಿನ ಜಾವದ ಇಳಿತ ನಮ್ಮನ್ನು ಕುದ್ರುವಿನಿಂದ ಅಳಿವೆಗೆ ಇಳಿಸುತ್ತದೆ, ಹೊತ್ತೇರುವಾಗಿನ ಭರತ ಸೌಪರ್ಣಿಕೆಯೊಳಗೆ ಮರವಂತೆಯ ತನಕ ಏರಿಸುತ್ತದೆ, ಮಧ್ಯಾಹ್ನದ ಇಳಿತ ವಾಪಸು ಅಳಿವೆಗೆ ತರುತ್ತದೆ, ರಾತ್ರಿಯ ಭರತ ಮನೆಗೆ ಮುಟ್ಟಿಸುತ್ತದೆ. ನಾಲ್ಕೂ ಸಲ ನೀರಿನ ಜೊತೆಗೇ. ಹುಟ್ಟು ಹಾಕುವುದು ದಾರಿ ತಪ್ಪದಿರಲಿ ಅಂತ ಮಾತ್ರ, ಕರಕೊಂಡು ಹೋಗುವುದು ಹೊಳೆಯೇ ಎನ್ನುತ್ತಿದ್ದರು ಅಜ್ಜಯ್ಯ.

"ನೀರ್ ಹೊರ್ಟಿತ್. ನೀವ್ ಮನಿಕಂಡೇ ಇದ್ರಿಯಾ?"

ನಾಲ್ಕು ಗಂಟೆಗೆ ಆ ದನಿ ಚಾವಡಿಯ ಬಾಗಿಲಲ್ಲಿ ಕೇಳಿದ್ದೇ ಏಳು ಚಾಪೆ ಒಟ್ಟಿಗೇ ಸುರುಳಿಯಾಗುತ್ತಿದ್ದವು. ತಣ್ಣೀರು ಮುಖಕ್ಕೆ ಹಾಕಿಕೊಂಡು, ಹಬ್ಬಕ್ಕೆಂದು ತೆಗೆದಿಟ್ಟ ಅಂಗಿ-ಲಂಗ ತೊಟ್ಟು, ತಲೆಗೆ ಅಮ್ಮಮ್ಮ ತಟ್ಟಿದ ಕೊಬ್ಬರಿ ಎಣ್ಣೆ ಹಣೆಗೆ ಇಳಿಯುತ್ತಿರುವಾಗಲೇ ಕಡುವಿಗೆ ಓಡುವುದು. ದೋಣಿಯಲ್ಲಿ ಕೂರುವುದಕ್ಕೆ ಒಂದು ಕ್ರಮವಿತ್ತು: ಚುಕ್ಕಾಣಿಗೆ ಅಜ್ಜಯ್ಯ, ಮುಂದಿನ ತುದಿಯಲ್ಲಿ ಗಳ ಹಿಡಿದು ಅಪ್ಪಯ್ಯ, ನಡುವೆ ಹುಟ್ಟು ಹಾಕಲು ಸಣ್ಣಮಾವ, ಅವರ ಹಿಂದೆ ಕಡುಬಿನ ಕುಕ್ಕೆ, ಎಳನೀರಿನ ಗೊನೆ, ಹರಕೆಯ ಅಕ್ಕಿ ಕಟ್ಟಿದ ಕೆಂಪು ವಸ್ತ್ರ ಮಡಿಲಲ್ಲಿಟ್ಟುಕೊಂಡ ಅಮ್ಮಮ್ಮ, ಅಬ್ಬಿ, ಚಿಕ್ಕಿ, ಮಿಕ್ಕ ಜಾಗದಲ್ಲೆಲ್ಲ ನಾವು. ಎಲ್ಲರಿಗಿಂತ ಸಣ್ಣವನಾದ ತಮ್ಮನ ಕೈಗೆ ಒಂದು ಗರಟೆ. ಹೊಲಿಗೆಯ ಸಂದಿಯಲ್ಲಿ ಜಿನುಗಿ ತಳದಲ್ಲಿ ನಿಂತ ನೀರನ್ನು ಮೊಗೆದು ಹೊರಗೆ ಚೆಲ್ಲುವುದು ಅವನ ಕೆಲಸ. ಆ ಗರಟೆ ಸಿಕ್ಕಿದ ವರ್ಷ ಅವನು ನಮ್ಮ ಯಾರ ಹತ್ತಿರವೂ ಮಾತಾಡಲಿಲ್ಲ. ಇಡೀ ದೋಣಿಯ ಜೀವ ತನ್ನ ಕೈಯಲ್ಲಿದೆ ಎಂಬಂತೆ ಹುಬ್ಬು ಗಂಟಿಕ್ಕಿ ಮೊಗೆಯುತ್ತಲೇ ಇದ್ದ.

"ಹಂದ್ಬೇಡಿ, ಮಕ್ಳೇ" ಎಂದು ಅಜ್ಜಯ್ಯ ಒಮ್ಮೆ ಹೇಳಿದರೆ ಮುಗಿಯಿತು, ಯಾರೂ ಅಲುಗುತ್ತಿರಲಿಲ್ಲ. ಅಪ್ಪಯ್ಯ ಗಳ ಊರಿ ಒತ್ತುತ್ತಿದ್ದರು, ದೋಣಿಯ ಹೊಟ್ಟೆಯಡಿ ಕೆಸರು ಸರ್ರನೆ ಜಾರುತ್ತಿತ್ತು, ಆಮೇಲೆ ಸದ್ದೇ ಇಲ್ಲ. ಪಡುವಣಕ್ಕೆ ಇಳಿಯುತ್ತಿದ್ದ ಚಂದ್ರ ಹೊಳೆಯ ಮೇಲೆ ಉದ್ದಕ್ಕೆ ಹಾಸಿದ ಬೆಳಕಿನಲ್ಲಿ ದೋಣಿ ತನ್ನಷ್ಟಕ್ಕೆ ತಾನೇ ಹೋಗುತ್ತಿತ್ತು. ಎರಡೂ ಬದಿಗೆ ಕಾಂಡ್ಲ ಗಿಡಗಳು ಬೇರುಗಳನ್ನು ನೀರಿನಿಂದ ಎತ್ತಿ ನಿಂತು ಯಾರೋ ಲಂಗ ಎತ್ತಿಕೊಂಡು ಹೊಳೆ ದಾಟುವವರ ಹಾಗೆ ಕಾಣುತ್ತಿದ್ದವು. ಬೇರುಗಳ ನಡುವೆ ಏಡಿ ಓಡುವ ಚರಚರ, ಮೀನು ಹಾರಿ ಬೀಳುವ 'ಚಳ್', ಎಲ್ಲೋ ಒಂದು ನೀರುನಾಯಿ ಸೀಟಿ ಹೊಡೆದ ಹಾಗೆ ಕೂಗುವುದು. ಚಿಕ್ಕಿ ನಮ್ಮನ್ನೆಲ್ಲ ಒಂದೇ ಕಂಬಳಿಯೊಳಗೆ ಸೇರಿಸಿಕೊಂಡಿರುತ್ತಿದ್ದಳು. ಅವಳ ಮುಡಿಯ ಅಬ್ಬಲಿಗೆ ದಂಡೆ ಇಬ್ಬನಿಗೆ ಒದ್ದೆಯಾಗಿ ನಮ್ಮ ಕೆನ್ನೆಗೆ ತಣ್ಣಗೆ ತಾಗುತ್ತಿತ್ತು.

ಅಳಿವೆಗೆ ಬರುವಾಗ ಐದೂವರೆ. ತೆಂಕಿಗೆ ಕೋಡಿ, ಬಡಗಿಗೆ ಗಂಗೊಳ್ಳಿ, ನಡುವಿನ ಬಾಯಿಯಲ್ಲಿ ಕಡಲು ಬೆಳ್ಳಗೆ ಉಸಿರಾಡುತ್ತಿತ್ತು. ಅಲ್ಲಿ ಅಜ್ಜಯ್ಯ ಹುಟ್ಟು ಎತ್ತಲು ಹೇಳುತ್ತಿದ್ದರು. ಚಿಕ್ಕಿಯ ಮುಡಿಯಿಂದ ಒಂದು ಅಬ್ಬಲಿಗೆ ಹೂ ಕೇಳಿ ತೆಗೆದುಕೊಂಡು, ಬಗ್ಗಿ, ಮಗುವನ್ನು ಮಲಗಿಸುವ ಹಾಗೆ ನೀರಿನ ಮೇಲೆ ಇಡುತ್ತಿದ್ದರು. ಕಿತ್ತಳೆ ಬಣ್ಣದ ಆ ಒಂದು ಹೂವನ್ನು ಹನ್ನೆರಡು ಹದಿಮೂರು ಜನ ಉಸಿರು ಬಿಗಿಹಿಡಿದು ನೋಡುವುದು. ಮೊದಲು ಅದು ಕಡಲ ಕಡೆಗೆ ಒಂದು ಗೇಣು ಹೋಗುತ್ತಿತ್ತು. ಆಮೇಲೆ ನಿಲ್ಲುತ್ತಿತ್ತು. ನಿಂತಲ್ಲೇ ಮೆಲ್ಲಗೆ ತಿರುಗುತ್ತಿತ್ತು, ಏನೋ ಮರೆತವರ ಹಾಗೆ. ತಮ್ಮ ಗರಟೆಯನ್ನೂ ಮರೆತು ಬಾಗಿರುತ್ತಿದ್ದ. ಎಷ್ಟು ಹೊತ್ತು ಹಾಗೆ ಎಂದು ಹೇಳಲಾರೆ. ನಮಗಂತೂ ಅದು ಬಹಳ ಹೊತ್ತು. ಒಮ್ಮೆ ಸಣ್ಣಮಾವ ತಾಳಲಾರದೆ, ಹುಟ್ಟು ಹಾಕುವ, ಹೊತ್ತಾತ್ ಅಂದಿದ್ದರು. ಅಜ್ಜಯ್ಯ ಹೂವಿನಿಂದ ಕಣ್ಣು ತೆಗೆಯದೆ, "ಹೊಳಿಗ್ ಗಡ್ಬಡಿ ಇಲ್ಲೆ, ನಿಂಗೆಂತಕೆ?" ಎಂದಿದ್ದರು. ಆಮೇಲೆ ಕಾಣುತ್ತೋ ಇಲ್ಲವೋ ಎಂಬ ಹಾಗೆ ಆ ಹೂವು ಮೂಡು ಮುಖ ಮಾಡಿ ನಮ್ಮ ಕಡೆಗೆ ಬರತೊಡಗುತ್ತಿತ್ತು. ದೋಣಿಯನ್ನು ದಾಟಿ ಒಳಗೆ, ಸೌಪರ್ಣಿಕೆಯ ಬಾಯಿಯ ಕಡೆಗೆ. ನೀರು ತಿರುಗಿತು! ಏಳು ಮಕ್ಕಳು ಒಟ್ಟಿಗೇ ಕೂಗುತ್ತಿದ್ದೆವು, ಹಂದಬಾರದು ಎಂಬುದನ್ನು ಮರೆತು.

ಅದೇ ಹೊತ್ತಿಗೆ ಪಡುವಿನಲ್ಲಿ ಚಂದ್ರ ಕಡಲಿಗೆ ಮುಟ್ಟುತ್ತಿದ್ದ, ಮೂಡಿನಲ್ಲಿ ಕೊಡಚಾದ್ರಿಯ ಸಾಲು ನೀಲಿಯಿಂದ ಕೆಂಪಿಗೆ ತಿರುಗುತ್ತಿತ್ತು. ಗಂಗೊಳ್ಳಿ ಎಚ್ಚರವಾಗುತ್ತಿತ್ತು: ಮೊದಲು ಮಸೀದಿಯ ಬಾಂಗು, ಆಮೇಲೆ ಇಗರ್ಜಿಯ ಗಂಟೆ, ಅದರ ಹಿಂದೆಯೇ ಬಂದರಿನ ಹೆಂಗಸರ ಕೊಂಕಣಿ, ಬುಟ್ಟಿಗಳ ಧಡಧಡ, ಕಾಗೆಗಳ ಗಲಾಟೆ. ಮೀನಿನ ವಾಸನೆ ದೋಣಿಯೊಳಗೆ ನುಗ್ಗಿದಾಗ ಬಾಯಲ್ಲಿ ನೀರೂರಿದರೂ ಹರಕೆ ಮುಗಿಯುವ ತನಕ ಮೀನಿನ ಮಾತೂ ಆಡುವಂತಿಲ್ಲ. ಹಂಚು ತುಂಬಿಕೊಂಡು ಬಡಗಿಗೆ ಹೊರಡುವ ಮಂಜಿಯೊಂದು ಕೆಲವು ವರ್ಷ ಅಲ್ಲಿ ಲಂಗರು ಹಾಕಿರುತ್ತಿತ್ತು. ಅದರ ಪಕ್ಕದಲ್ಲಿ ಹೋಗುವಾಗ ನಮ್ಮ ದೋಣಿ ಗರಟೆಯಷ್ಟೇ ಸಣ್ಣದಾಗಿ ಕಾಣುತ್ತಿತ್ತು. ಮೇಲಿನಿಂದ ಯಾರೋ, "ಎಲ್ಲಿಗ್ ಹೊರ್ಟದ್ದ್ ಹ್ವಾಯ್?" ಎಂದು ಕೂಗುವರು. "ಮರವಂತಿಗೆ, ಕಾಯ್ ಒಡ್ಸುಕೆ!" ನಾವು ಏಳೂ ಮಂದಿ ಉತ್ತರಿಸುತ್ತಿದ್ದೆವು, ಆಫ್ರಿಕಕ್ಕೆ ಹೊರಟವರ ಹಾಗೆ ಎದೆ ಉಬ್ಬಿಸಿ. ಇದೇ ಅಳಿವೆಯಿಂದ ವಾರಾಹಿಯೊಳಗೆ ಬಸ್ರೂರಿಗೆ ದೂರದೇಶದ ಹಡಗುಗಳು ಹೋಗುತ್ತಿದ್ದವು, 1665ರಲ್ಲಿ ಶಿವಾಜಿಯ ಪಡೆ ಬಸ್ರೂರಿಗೆ ಬಂದದ್ದೂ ಕಡಲ ದಾರಿಯಲ್ಲೇ ಎಂದು ಇಸ್ಕೂಲಿನಲ್ಲಿ ಮಾಷ್ಟ್ರು ಹೇಳಿದ ದಿನ, ನಾವು ಕಂಡ ಆ ಮಂಜಿಯೇ ಶಿವಾಜಿಯದ್ದೂ ಇರಬೇಕು ಅಂತ ತೀರ್ಮಾನಿಸಿದ್ದೆವು.

ಸೌಪರ್ಣಿಕೆಯ ಒಳಗೆ ಹೊಕ್ಕ ಮೇಲೆ ಲೋಕವೇ ಬೇರೆ. ಭರತದ ನೀರು ಬೆನ್ನಿಗೆ ಕೈಯಿಟ್ಟು ತಳ್ಳಿದ ಹಾಗೆ ತಳ್ಳುತ್ತಿತ್ತು. ಅರಾಟೆಯ ಸೇತುವೆ ದೂರದಿಂದ ಕಾಣುತ್ತಲೇ ಸದ್ದಿಲ್ಲದೆ ಕೂತು, ಅದರಡಿ ನುಸುಳುವಾಗ ಒಟ್ಟಿಗೇ "ಕೂ" ಹಾಕುವುದು. ಕಂಬಗಳ ನಡುವೆ ಆ ಕೂಗು ನೂರಾಗಿ ಹೆಚ್ಚಿ ತಲೆಯ ಮೇಲೆ ಬೀಳುವಾಗ ಸೇತುವೆಯಡಿಯ ಪಾರಿವಾಳಗಳು ಒಮ್ಮೆಗೇ ಹಾರುತ್ತಿದ್ದವು. ಮೇಲೆ ಯಾವುದೋ ಬಸ್ಸು ಗಡಗಡ ಎನ್ನುತ್ತ ಹೋದರೆ, ಪಾಪ ಬಸ್ಸಿನವರಿಗೆ ಹೊಳೆ ಸಿಗಲಿಲ್ಲ ಎಂದು ನಮಗೆ ನಿಜವಾಗಿಯೂ ಕನಿಕರ. ದಡದ ಉದ್ದಕ್ಕೂ ಹೆಂಗಸರು ಸೊಂಟದವರೆಗೆ ನೀರಿನಲ್ಲಿ ನಿಂತು ಕೊಳೆತ ಕಾಯಿಸಿಪ್ಪೆ ಎತ್ತುತ್ತಿದ್ದರು, ಕಲ್ಲಿನ ಮೇಲಿಟ್ಟು ಕೊಡತಿಯಲ್ಲಿ ಬಡಿಯುತ್ತಿದ್ದರು. ಬಡಿತದ ಸದ್ದು ನಮ್ಮನ್ನು ಮುಟ್ಟುವಷ್ಟರಲ್ಲಿ ಕೊಡತಿ ಮತ್ತೆ ಮೇಲೆದ್ದಿರುತ್ತಿತ್ತು. ಗರುಡ ತಲೆಯ ಮೇಲೆ ಸುತ್ತುವುದು, ಮಿಂಚುಳ್ಳಿ ನೆಟ್ಟ ಕೋಲಿನಿಂದ ನೀಲಿ ಗೆರೆ ಎಳೆದ ಹಾಗೆ ನೀರಿಗೆ ಬೀಳುವುದು, ಬೀಸುಬಲೆಯವನೊಬ್ಬ ನಮ್ಮ ದೋಣಿ ದಾಟಲಿ ಅಂತ ಬಲೆ ಹೆಗಲಿಗೆ ಹಾಕಿ ಕಾಯುವುದು. ಅಮ್ಮಮ್ಮನಿಗೆ ಎರಡೂ ದಡದ ಮನೆಮನೆಯ ಸಂಬಂಧವೂ ಗೊತ್ತಿತ್ತು: ಇದು ಇಂಥವರ ಹೆಣ್ಣು ಕೊಟ್ಟ ಮನೆ, ಅಲ್ಲಿ ಕಾಣುವ ಹೊಸ ಹಂಚಿನ ಮಾಡು ಬೊಂಬಾಯಿ ಹೋಟೆಲಿನ ದುಡ್ಡು, ಆ ಮುರಿದ ಗೋಡೆಯ ಮನೆಯವರು ಎಷ್ಟು ದೊಡ್ಡ ಮನಸ್ಸಿನವರಾಗಿದ್ದರು ಗೊತ್ತಾ ಮಕ್ಕಳೇ, ಎಂದು ಹೊಳೆಯ ಜೊತೆ ಅವಳ ಮಾತೂ ಹರಿಯುತ್ತಿತ್ತು.

ಮರವಂತೆ ಹತ್ತಿರವಾಯಿತು ಅಂತ ತಿಳಿಯುವುದು ಕಿವಿಗೆ. ಹೊಳೆ ಕನ್ನಡಿಯ ಹಾಗೆ ನಿಂತಿರುತ್ತದೆ, ಒಂದೆಲೆ ಅಲುಗುವುದಿಲ್ಲ, ಆದರೆ ತೆಂಗಿನ ಸಾಲಿನ ಹಿಂದಿನಿಂದ ಯಾರೋ ದೊಡ್ಡದಾಗಿ ಉಸಿರು ಬಿಡುವ ಸದ್ದು. ಕೊಲ್ಲೂರಿನ ಕಾಡಿನಿಂದ ಇಳಿದು ಬಂದ ಸೌಪರ್ಣಿಕೆ ಅಲ್ಲಿ ಕಡಲಿನ ಬಾಗಿಲವರೆಗೆ ಹೋಗಿ, ಒಂದು ರಸ್ತೆಯಷ್ಟೇ ಅಗಲದ ನೆಲ ಉಳಿದಿರುವಾಗ, ಮನಸ್ಸು ಬದಲಿಸಿ ತೆಂಕಿಗೆ ತಿರುಗುತ್ತಾಳೆ. ಯಾಕೆ ಅಂತ ಕೇಳಿದರೆ ಅಮ್ಮಮ್ಮ, "ತಂಗಿಯಂದಿರನ್ನ ಕರ್ಕಂಡ್ ಹೋಪುಕೆ" ಎನ್ನುತ್ತಿದ್ದಳು; ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಗಂಗೊಳ್ಳಿಯಲ್ಲಿ ಕಾಯುತ್ತಿರುತ್ತಾರೆ, ಅವರನ್ನು ಬಿಟ್ಟು ಒಬ್ಬಳೇ ಹೇಗೆ ಕಡಲಿಗೆ ಹೋದಾಳು?

ದೋಣಿ ಕಟ್ಟಿ, ರಸ್ತೆ ದಾಟಿ, ಮೊದಲು ಕಡಲಿನಲ್ಲಿ ಮುಳುಗು, ಆಮೇಲೆ ಓಡಿ ಬಂದು ಹೊಳೆಯಲ್ಲಿ ಮುಳುಗು. ಉಪ್ಪು ನೀರು ಕಣ್ಣಿಗೆ ಹೋಗಿ ಉರಿಯುವಾಗ ಹೊಳೆಯ ನೀರು ಬಂದು ಅದನ್ನು ತೊಳೆಯುತ್ತಿತ್ತು. ಒದ್ದೆ ಬಟ್ಟೆಯಲ್ಲೇ ಮಾರಸ್ವಾಮಿಯ ಮುಂದೆ ನಿಂತು ನಡುಗುವುದು. ಮಹಾರಾಜಸ್ವಾಮಿ ವರಾಹ ದೇವಸ್ಥಾನ ಎಂಬುದು ಆ ಗುಡಿಯ ಪೂರ್ತಿ ಹೆಸರು; ಅತ್ತ ಹೊಳೆ, ಇತ್ತ ಕಡಲು, ನಡುವೆ ದೇವರು. ಕರ್ಕಾಟಕ ಅಮಾವಾಸ್ಯೆಗೆ ಅಲ್ಲಿ ಊರಿಗೆ ಊರೇ ಸೇರುತ್ತದೆ, ಹೊಸತಾಗಿ ಮದುವೆಯಾದವರು ಕೈ ಹಿಡಿದು ಕಡಲಿಗಿಳಿಯುತ್ತಾರೆ. ನಾವು ಹೋಗುತ್ತಿದ್ದ ದಿನ ಮಾತ್ರ ಅಲ್ಲಿ ಗಾಳಿ, ಎರಡು ನೀರಿನ ಸದ್ದು, ನಮ್ಮ ಮನೆಯವರು. ಅಮ್ಮಮ್ಮ ಕೆಂಪು ವಸ್ತ್ರ ಬಿಚ್ಚಿ ಅಕ್ಕಿ ಸುರಿಯುವಾಗ ಅವಳ ಕೈ ಸಣ್ಣಗೆ ನಡುಗುವುದನ್ನು ನಾವು ನೋಡುತ್ತಿದ್ದೆವು. ಏನು ಬೇಡಿಕೊಂಡೆ ಅಂತ ಕೇಳಿದರೆ, "ಬಪ್ಪ ವರ್ಷವೂ ಇಷ್ಟೇ ಜನ ಬರ್ಲಿ ಅಂದೆ" ಎನ್ನುವಳು. ಪ್ರತಿ ವರ್ಷವೂ ಅದೇ.

ಆಮೇಲೆ ಹೊಳೆಯ ಬದಿಯ ನೆರಳಿನಲ್ಲಿ ಬಾಳೆಲೆ ಹಾಸಿ, ಕೊಟ್ಟೆಯ ಕಡ್ಡಿ ಒಂದೊಂದಾಗಿ ಬಿಚ್ಚಿ, ಹಲಸಿನೆಲೆಯ ನರಗಳ ಗೆರೆ ಮೂಡಿದ ಬಿಳೀ ಕಡುಬನ್ನು ಬೆಲ್ಲ ಬೆರೆಸಿದ ಕಾಯಿಹಾಲಿನಲ್ಲಿ ಅದ್ದಿ ತಿನ್ನುವುದು. ಎಷ್ಟು ತಿಂದರೂ ಅಬ್ಬಿ ಇನ್ನೊಂದು ಹಾಕುತ್ತಿದ್ದಳು. ಉಳಿದ ದಿನಗಳಲ್ಲಿ ಎಣಿಸಿ ಬಡಿಸುವ ಅದೇ ಕೈ.

ಹನ್ನೆರಡು ಕಳೆದು ಪಡುಗಾಳಿ ಬೀಸಲು ಸುರುವಾದಾಗ, ಇಳಿತವೂ ಎಳೆಯತೊಡಗಿದಾಗ, ಅಪ್ಪಯ್ಯ ದೋಣಿಯ ತಳದಿಂದ ಒಂದು ಗಂಟು ತೆಗೆಯುತ್ತಿದ್ದರು. ಅಮ್ಮಮ್ಮನ ಹಳೆಯ ಎರಡು ಉಡುಪಿ ಸೀರೆಗಳನ್ನು ಜೋಡಿಸಿ ಹೊಲಿದ ಹಾಯಿ. ನೇರಳೆ ಒಂದು, ಸಾಸಿವೆ ಬಣ್ಣದ್ದೊಂದು. ಬಿದಿರಿನ ಗಳಕ್ಕೆ ಅದನ್ನು ಕಟ್ಟಿ ಎತ್ತಿದ್ದೇ ಸೀರೆ ಒಮ್ಮೆ ಪಟಪಟ ಬಡಿದು ಹೊಟ್ಟೆ ತುಂಬಿಕೊಂಡು ನಿಲ್ಲುತ್ತಿತ್ತು, ಅಂಚಿನ ಜರತಾರಿ ಬಿಸಿಲಿಗೆ ಮಿನುಗುತ್ತಿತ್ತು. ಅದರ ನೆರಳು ನಮ್ಮ ಮೇಲೆ ಬಿದ್ದು ಎಲ್ಲರ ಮುಖವೂ ನೇರಳೆ. ಆ ನೆರಳಿನಲ್ಲಿ, ಹೊಟ್ಟೆ ತುಂಬಿ, ಉಪ್ಪು ಒಣಗಿದ ಚರ್ಮ ಬಿಗಿಯುತ್ತಿರುವಾಗ, ಒಬ್ಬರ ತೊಡೆಯ ಮೇಲೆ ಒಬ್ಬರು ತಲೆಯಿಟ್ಟು ನಿದ್ದೆ ಹೋಗುತ್ತಿದ್ದೆವು. ಹಿಂದಿನ ರಾತ್ರಿ ಬಾರದ ನಿದ್ದೆಯೆಲ್ಲ ಅಲ್ಲಿ ಬರುತ್ತಿತ್ತು. ಆಮೇಲಿನ ಬದುಕಿನಲ್ಲಿ ಎಷ್ಟೋ ಒಳ್ಳೆಯ ಹಾಸಿಗೆಗಳಲ್ಲಿ ಮಲಗಿದ್ದೇವೆ. ಅಂಥ ನಿದ್ದೆ ಮತ್ತೆ ಬಂದಿಲ್ಲ.

ಎಚ್ಚರವಾಗುವುದು ದೋಣಿ ಹೊಯ್ಗೆಗೆ ತಾಗಿ ನಿಂತಾಗ. ಸಂಜೆ ಐದರ ಇಳಿತಕ್ಕೆ ಅಳಿವೆಯ ನಡುವೆ ಹೊಯ್ಗೆ ದಿಬ್ಬವೊಂದು ಬೆನ್ನು ತೋರಿಸುತ್ತಿತ್ತು. ಬೆಳಿಗ್ಗೆ ನಾವು ಹೂ ಬಿಟ್ಟ ಜಾಗಕ್ಕೆ ಬಹಳ ದೂರವಿಲ್ಲ. ಅಲ್ಲಿ ಇಳಿದು ಮೊಣಕಾಲು ನೀರಿನಲ್ಲಿ ಕಾಲ್ಬೆರಳಿನಿಂದ ತಡಕಿ ಚಿಪ್ಪು ಹೆಕ್ಕುವುದು ಹೆಂಗಸರು ಮಕ್ಕಳ ಕೆಲಸ, ಬಲೆ ಬೀಸುವುದು ಅಪ್ಪಯ್ಯನದ್ದು. ಹರಕೆ ಮುಗಿದಿತ್ತಲ್ಲ, ಇನ್ನು ಮೀನಿಗೆ ಅಡ್ಡಿಯಿಲ್ಲ. ನಾಲ್ಕು ಕಾಣೆ, ಒಂದು ಹಿಡಿ ಚಟ್ಲಿ ಸಿಕ್ಕಿದರೆ ಸಾಕು; ಒಣ ಮಡ್ಲಿಗೆ ಬೆಂಕಿ ಹಚ್ಚಿ, ಗರಟೆಯಲ್ಲಿ ತಂದ ಉಪ್ಪು-ಹುಳಿ-ಮೆಣಸಿನ ಅರಪ್ಪು ಸವರಿ, ಕೆಂಡದ ಮೇಲೆ ಸುಡುವುದು. ಚಿಪ್ಪುಗಳು ಬಿಸಿಗೆ 'ಟಪ್' ಎಂದು ಬಾಯಿ ತೆರೆದಾಗ ಒಳಗಿನ ಒಂದು ಚಮಚ ಉಪ್ಪು ನೀರನ್ನು ಹೀರಿದವರಿಗೆ ಗೊತ್ತು, ಆ ರುಚಿಗೆ ಹೆಸರಿಲ್ಲ. ಹೊತ್ತು ಮುಳುಗುತ್ತಿತ್ತು. ನೀರು ಮತ್ತೆ ತಿರುಗಿ, ದಿಬ್ಬ ನಮ್ಮ ಕಾಲಡಿಯಲ್ಲೇ ಸಣ್ಣದಾಗುತ್ತಾ ಆಗುತ್ತಾ, ಕೊನೆಗೆ ಬೆಂಕಿಯ ಬುಡಕ್ಕೆ ಅಲೆ ಬಂದು 'ಚುಸ್' ಎಂದಾಗ, ಎಲ್ಲರೂ ದೋಣಿಗೆ.

ರಾತ್ರಿಯ ಆ ದಾರಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಮೂಡಿನಲ್ಲಿ ಹುಟ್ಟಿದ ಹುಣ್ಣಿಮೆ ಮುಂದೆ, ಭರತ ಹಿಂದೆ. ಗಂಗೊಳ್ಳಿಯ ಖಾರ್ವಿಕೇರಿಯಿಂದ ಹೋಳಿಯ ಸದ್ದು, ಇನ್ನೊಂದು ದಡದ ಒಳಗಿನಿಂದ ಕುಡುಬಿಯವರ ಗುಮಟೆ. ಎರಡೂ ನೀರಿನ ಮೇಲೆ ತೇಲಿ ಬಂದು ನಮ್ಮ ದೋಣಿಯಲ್ಲಿ ಕೂಡುತ್ತಿದ್ದವು. ಗುಮಟೆಯ ಬಡಿತಕ್ಕೆ ಸಣ್ಣಮಾವನ ಹುಟ್ಟು ತನಗೆ ತಿಳಿಯದೆಯೇ ತಾಳ ಹಿಡಿಯುತ್ತಿತ್ತು. ಅಮ್ಮಮ್ಮ ಒಂದು ಕೈ ನೀರಿಗೆ ಬಿಟ್ಟು ಕೂತಿರುವಳು. ಕಡುವಿನ ಹತ್ತಿರ ನಾಯಿ ಬೊಗಳಿದಾಗ ಮನೆ ಬಂತೆಂದು ಗೊತ್ತಾಗಿ ಬೇಜಾರಾಗುತ್ತಿತ್ತು. ಮೂರನೆಯ ಮೆಟ್ಟಿಲವರೆಗೆ ನೀರು ಬಂದಿರುತ್ತಿತ್ತು. ಅಜ್ಜಯ್ಯನ ಲೆಕ್ಕ.

ನಮ್ಮ ಕುದ್ರುವಿಗೆ ಸೇತುವೆ ಬೇಕೆಂದು ಎಲ್ಲರಿಗಿಂತ ಹೆಚ್ಚು ಓಡಾಡಿದವರೂ ಅಜ್ಜಯ್ಯನೇ. ಚಿಕ್ಕಿಯ ಎರಡನೆಯ ಹೆರಿಗೆಯ ರಾತ್ರಿ ಪೂರ್ತಿ ಇಳಿತ. ದೋಣಿ ಕೆಸರಿಗೆ ಕಚ್ಚಿಕೊಂಡು ಕೂತಿತ್ತು. ಅಪ್ಪಯ್ಯ, ಸಣ್ಣಮಾವ ಎದೆಯವರೆಗೆ ಕೆಸರಿನಲ್ಲಿ ನಿಂತು ಅದನ್ನು ಎಳೆಯುವಷ್ಟರಲ್ಲಿ, ನೀರು ಬರುವಷ್ಟರಲ್ಲಿ, ಬಹಳ ಹೊತ್ತಾಗಿಹೋಗಿತ್ತು. ಚಿಕ್ಕಿ ಉಳಿದಳು, ಮಗು ಉಳಿಯಲಿಲ್ಲ. ಹೊಳೆಗೆ ಗಡಿಬಿಡಿ ಇಲ್ಲ ಎಂಬ ಮಾತನ್ನು ಅಜ್ಜಯ್ಯ ಆಮೇಲೆ ಯಾವತ್ತೂ ಆಡಿದ್ದು ನಮಗೆ ನೆನಪಿಲ್ಲ.

ಸೇತುವೆ ಬಂತು. ಮೊದಲ ರಿಕ್ಷಾ ಕುದ್ರುವಿಗೆ ಬಂದ ದಿನ ನಾವೆಲ್ಲ ಅದರ ಹಿಂದೆ ಓಡಿದೆವು. ನಲ್ಲಿಯಲ್ಲಿ ಸಿಹಿನೀರು ಬಂತು. ದೋಣಿಯ ಹೊಲಿಗೆ ಸಡಿಲವಾದ ವರ್ಷ ಮತ್ತೆ ಹೊಲಿಯುವವರು ಸಿಗಲಿಲ್ಲ, ಆಮೇಲಿನ ವರ್ಷ ಯಾರೂ ಹುಡುಕಲಿಲ್ಲ. ತೆಂಗಿನಡಿ ಬೋರಲು ಬಿದ್ದ ಅದರ ಮೇಲೆ ಅಬ್ಬಿ ಮೆಣಸು ಒಣಗಿಸುತ್ತಿದ್ದಳು, ಅಡಿಯಲ್ಲಿ ಕೋಳಿ ಕಾವಿಗೆ ಕೂರುತ್ತಿತ್ತು. ಅಮ್ಮಮ್ಮ ಮಾತ್ರ ಸಂಜೆಯ ಹೊತ್ತು ಹೋಗಿ ಹಲಗೆಯ ಮೇಲೆ ಕೈಯಾಡಿಸಿ ಬರುತ್ತಿದ್ದಳು, ತನಗೆ ಬಾಯಿಪಾಠವಿದ್ದ ಗಂಟುಗಳೆಲ್ಲ ಅಲ್ಲೇ ಇವೆಯಾ ಎಂದು ನೋಡುವವಳ ಹಾಗೆ.

ಈಗ ಊರಿಗೆ ಹೋದಾಗ ಮರವಂತೆಗೆ ಕಾರಿನಲ್ಲಿ ಅರ್ಧ ಗಂಟೆಯೂ ಬೇಡ. ಹಿಂದಿನ 17ನೇ ನಂಬರಿನ ಹೆದ್ದಾರಿ ಈಗ 66, ಅಗಲವಾಗಿದೆ. ನಾವು ಸ್ನಾನಕ್ಕೆ ಓಡುತ್ತಿದ್ದ ಕಡಲ ಬದಿಗೆ ಕೊರೆತ ತಡೆಯಲು ದೊಡ್ಡ ದೊಡ್ಡ ಕಲ್ಲು ಹಾಕಿದ್ದಾರೆ. ಮಕ್ಕಳು ಗಾಡಿಯಿಂದ ಇಳಿದು ಒಂದು ಕಡೆಗೆ ಹೊಳೆ, ಒಂದು ಕಡೆಗೆ ಕಡಲು ಅಂತ ಫೋಟೋ ತೆಗೆಯುತ್ತಾರೆ. ಹೊಳೆಗೆ ಬೆನ್ನು ಹಾಕಿ ನಿಲ್ಲುತ್ತಾರೆ. ನಾನು ಒಮ್ಮೆ ಅರಾಟೆಯ ಸೇತುವೆಯ ಮೇಲೆ ಹೋಗುವಾಗ ಕಿಟಕಿ ಇಳಿಸಿ ಕೆಳಗೆ ನೋಡಿದೆ. ಕೂ ಹಾಕುವವರು ಯಾರೂ ಇರಲಿಲ್ಲ.

ಆ ಏಳು ಮಂದಿಯಲ್ಲಿ ಇಬ್ಬರು ಬೆಂಗಳೂರಿನಲ್ಲಿ ಹೋಟೆಲು ನಡೆಸುತ್ತಾರೆ, ಒಬ್ಬಳು ಮುಂಬೈಯಲ್ಲಿ, ಒಬ್ಬ ದುಬೈಯಲ್ಲಿ, ದೊಡ್ಡಕ್ಕ ಈಗ ಇಲ್ಲ, ನಾನು ಮೈಸೂರಿನಲ್ಲಿ. ಗರಟೆಯ ತಮ್ಮ ಒಬ್ಬನೇ ಕುದ್ರುವಿನಲ್ಲಿ ಉಳಿದವನು. ವರ್ಷವಿಡೀ ನಾವು ಒಬ್ಬರಿಗೊಬ್ಬರು ಫೋನು ಮಾಡುವುದು ಕಮ್ಮಿ. ಆದರೆ ಹೋಳಿ ಹುಣ್ಣಿಮೆಯ ದಿನ ಬೆಳಗಿನ ಜಾವ ಐದೂವರೆಗೆ ಯಾರಾದರೂ ಒಬ್ಬರು, ಹಾಲಿನ ವ್ಯಾನು ಇನ್ನೂ ಬಾರದ ಹೋಟೆಲಿನ ಗಲ್ಲೆಯಲ್ಲಿ ಕೂತೋ ಹನ್ನೊಂದನೆಯ ಮಹಡಿಯ ಬಾಲ್ಕನಿಯಲ್ಲಿ ನಿಂತೋ, ಅವನಿಗೆ ಕೇಳಿಯೇ ಕೇಳುತ್ತಾರೆ: ನೀರ್ ತಿರ್ಗಿತಾ? ಅವನು ಚಪ್ಪಲಿ ಮೆಟ್ಟಿಕೊಂಡು ಕಡುವಿಗೆ ಇಳಿಯುವುದು, ಮೂರು ಮೆಟ್ಟಿಲು, ನಾಯಿಯ ಬೊಗಳು, ಫೋನಿನಲ್ಲಿ ಕೇಳುತ್ತದೆ. ಆಮೇಲೆ ಅಂಗಳದ ಅಬ್ಬಲಿಗೆಯಿಂದ ಕಿತ್ತು ತಂದದ್ದನ್ನು ನೀರಿಗೆ ಬಿಟ್ಟು ಅವನು ಸುಮ್ಮನಾಗುತ್ತಾನೆ. ನಾವೂ ಸುಮ್ಮನೆ ಕಾಯುತ್ತೇವೆ.

"ನಿಂತಿತ್," ಎನ್ನುತ್ತಾನೆ. "ಇನ್ನೂ ತಿರ್ಗ್ಲಿಲ್ಲೆ. ಹಂದ್ಬೇಡಿ."